ಹುಲ್ಲುಹಾಸೋ, ಹೊಂಗೆಯೋ?
ರಾಯಚೂರಿನ ನಿಮ್ಮ ಮನೆಯ ಪಶ್ಚಿಮಕ್ಕಿರುವ 20×20 ಅಡಿ ಜಾಗದಲ್ಲಿ ಬರ್ಮುಡಾ ಹುಲ್ಲು ಹಾಸುವುದೋ, ಹೊಂಗೆ ಮರ ಬೆಳೆಸುವುದೋ ಎಂದು ಕೇಳಿದ್ದೀರಿ. ನನ್ನ ಒಲವು ಸಂಪೂರ್ಣವಾಗಿ ಹೊಂಗೆಯ ಕಡೆಗಿದೆ.

ಬರ್ಮುಡಾ ಎಂದರೆ ನಮ್ಮ ಗರಿಕೆಯೇ. ಅದು ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಆದರೆ ಬೇಸಿಗೆಯಲ್ಲೂ ಹಸಿರಾಗಿರಬೇಕೆಂದು ದಿನಕ್ಕೆ 5 ಮಿಲಿಮೀಟರ್‌ನಷ್ಟೇ ನೀರುಣಿಸಿದರೂ ಅಷ್ಟು ಜಾಗಕ್ಕೆ ಸುಮಾರು 185 ಲೀಟರ್ ಬೇಕಾಗುತ್ತದೆ. ಹೊಂಗೆಗೆ ಮೊದಲ ಎರಡು ಮೂರು ಬೇಸಿಗೆ ಬುಡಕ್ಕೆ ನೀರು ಕೊಟ್ಟರೆ, ಬೇರು ಆಳಕ್ಕಿಳಿದ ಮೇಲೆ ಬಹುಮಟ್ಟಿಗೆ ತಾನೇ ಬದುಕಿಕೊಳ್ಳುತ್ತದೆ. ಹಳೆಯ ಎಲೆ ಉದುರಿಸಿದ ಸ್ವಲ್ಪ ದಿನಗಳಲ್ಲೇ ಚಿಗುರುವುದರಿಂದ, ನೆರಳು ಅತ್ಯಂತ ಬೇಕಾಗುವ ಏಪ್ರಿಲ್–ಮೇ ತಿಂಗಳಲ್ಲಿ ಅದು ದಟ್ಟವಾಗಿರುತ್ತದೆ. ಮಧ್ಯಾಹ್ನದ ಬಿಸಿಲು ಪಶ್ಚಿಮದ ಗೋಡೆಯನ್ನು ಕಾಯಿಸುವುದು ಕಡಿಮೆಯಾಗುತ್ತದೆ. ಆಗ ನೆಲದ ಮೇಲೆ ಚೆಲ್ಲಿರುವ ನಸುನೇರಳೆ ಹೂಗಳನ್ನು ಗುಡಿಸುವುದಕ್ಕೇ ಮನಸ್ಸು ಬರುವುದಿಲ್ಲ.

ಎರಡನ್ನೂ ಒಂದೇ ಕಡೆ ಬೆಳೆಸುವ ಆಸೆ ಬೇಡ. ನಮ್ಮ ಹಿತ್ತಲಿನಲ್ಲಿ ಬಿಸಿಲಿನಲ್ಲಿ ಬೆಳೆದ ಗರಿಕೆ ಹೊಂಗೆಯ ನೆರಳಿನ ಅಂಚಿನವರೆಗೆ ಮಾತ್ರ ಹಬ್ಬಿ, ಗೆರೆ ಎಳೆದಂತೆ ಅಲ್ಲೇ ನಿಂತಿದೆ.

ಗೋಡೆಯಿಂದ 12 ಅಡಿ ಬಿಟ್ಟು, ಜೂನ್‌ ಮಳೆ ಬಿದ್ದ ಮೇಲೆ ಸಸಿ ನೆಡಿ. ಉದುರಿದ ಎಲೆಗಳನ್ನು ಸುಡದೆ ಬುಡದಲ್ಲೇ ಬಿಡಿ.