ಓದುಗರ ಪ್ರಶ್ನೆ: ನಕ್ಷೆ ಇಲ್ಲದ ನಾಡಿಗೆ ಸರ್ಕಾರ ತಂಡ ಕಳಿಸಿದ್ದು ಯಾಕೆ?

ಪ್ರಶ್ನೆ: ಹಿಂದೆ ಸರ್ಕಾರಗಳು ನಕ್ಷೆಯೇ ಇಲ್ಲದ ಕಡೆಗೆ ದುಡ್ಡು ಕೊಟ್ಟು ತಂಡಗಳನ್ನು ಕಳಿಸುತ್ತಿದ್ದವಲ್ಲ, ಅದು ನಿಜಕ್ಕೂ ವಿಜ್ಞಾನಕ್ಕಾಗಿಯಾ? ಅಥವಾ ನೆಲ ಹಿಡಿಯೋಕೆ ಅದೊಂದು ನೆಪ ಅಷ್ಟೇನಾ?

ಉತ್ತರ: ಸುಮ್ನೆ ನೆಪ ಅಂತ ತಳ್ಳಿಹಾಕಲು ಆಗುವುದಿಲ್ಲ. ಆದರೆ ಕಳಿಸಿದವರು ಯಾರಿಗೆ ಏನು ಹೇಳಿದರು ಅಂತ ನೋಡಿ, ವಿಷಯ ಅಲ್ಲೇ ಬಯಲಾಗುತ್ತದೆ.

ಅಮೆರಿಕದ ಲೂಯಿಸ್ ಮತ್ತು ಕ್ಲಾರ್ಕ್ ಯಾತ್ರೆಯನ್ನೇ ತೆಗೆದುಕೊಳ್ಳಿ. ಈ ಇಬ್ಬರು ಸೈನ್ಯಾಧಿಕಾರಿಗಳ ತಂಡ ಮಿಸ್ಸೂರಿ ನದಿ ಹಿಡಿದು ಪಶ್ಚಿಮಕ್ಕೆ ಸಾಗರದ ತನಕ ಹೋಗಿತ್ತು. ಆ ನದಿಯ ಕಡೆಯ ನೆಲ ಮೊದಲು ಸ್ಪೇನಿನ ಹಿಡಿತದಲ್ಲಿತ್ತು. ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರ ಕೊನೆಯಲ್ಲಿ ಸ್ಪೇನಿನ ರಾಯಭಾರಿಯ ಹತ್ತಿರ ಮಾತಾಡಿ, ಮಿಸ್ಸೂರಿ ನದಿಯ ಕಡೆಗೆ ಒಂದು ಸಣ್ಣ ತಂಡ ಹೋದರೆ ನಿಮಗೆ ಅಭ್ಯಂತರವಿದೆಯಾ, ಭೂಗೋಳದ ತಿಳಿವಳಿಕೆ ಬಿಟ್ಟರೆ ಬೇರೆ ಉದ್ದೇಶವಿಲ್ಲ ಎಂದರು. ರಾಯಭಾರಿ ಒಪ್ಪಲಿಲ್ಲ. ಅದರ ಬೆನ್ನಲ್ಲೇ, 1803ರ ಜನವರಿಯಲ್ಲಿ, ಅದೇ ಜೆಫರ್ಸನ್ ತಮ್ಮ ಸಂಸತ್ತಾದ ಕಾಂಗ್ರೆಸ್‌ಗೆ ಗುಟ್ಟಾಗಿ ಪತ್ರ ಬರೆದು 2,500 ಡಾಲರ್ ಕೇಳಿದರು. ಅಲ್ಲಿ ಮುಂದಿಟ್ಟ ಕಾರಣ ವ್ಯಾಪಾರ. ಆ ಕಡೆಯ ಬುಡಕಟ್ಟುಗಳ ಜೊತೆ ತುಪ್ಪಳದ ವ್ಯವಹಾರ, ಪೆಸಿಫಿಕ್ ಸಾಗರದವರೆಗೆ ದಾರಿ. ಒಂದೇ ಯಾತ್ರೆ, ಹೊರಗಿನವರಿಗೆ ಒಂದು ಮಾತು, ಮನೆಯವರಿಗೆ ಇನ್ನೊಂದು. ಖರ್ಚು ಕೊನೆಗೆ 38,000 ಡಾಲರ್ ದಾಟಿತು.

ಹಾಗಂತ ವಿಜ್ಞಾನ ಸುಳ್ಳಾಗಿರಲಿಲ್ಲ. ಲೂಯಿಸ್‌ಗೆ ಕೊಟ್ಟ ಸೂಚನೆಯಲ್ಲಿ ಅಕ್ಷಾಂಶ, ರೇಖಾಂಶ, ಮಣ್ಣು, ಖನಿಜ, ಪ್ರಾಣಿ, ಅಲ್ಲಿನ ಜನರ ಭಾಷೆ ಎಲ್ಲವೂ ಇತ್ತು. ಬರೆದದ್ದಕ್ಕೆ ಹಲವು ಪ್ರತಿ ಮಾಡಿ, ಒಂದನ್ನು ಬರ್ಚ್ ಮರದ ತೊಗಟೆಯ ಮೇಲೆ ಬರೆಯಿರಿ, ಕಾಗದಕ್ಕಿಂತ ಅದು ತೇವ ತಡೆಯುತ್ತದೆ ಅಂತಲೂ ಇತ್ತು. ಇಷ್ಟು ಯೋಚಿಸುವವರಿಗೆ ಕಲಿಯುವ ಆಸೆ ಇರಲಿಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಸರ್ಕಾರದ ಹಣ ಬಿಚ್ಚಿಸಿದ್ದು ಆ ಆಸೆ ಅಲ್ಲ.

ನಮ್ಮ ಕಡೆಯ ಉದಾಹರಣೆ ಹಿಮಾಲಯದ ಕುಮಾವೂಂ ಸೀಮೆಯ ಶಾಲಾ ಮಾಸ್ತರ ನೈನ್ ಸಿಂಗ್ ರಾವತ್. ಟಿಬೆಟ್ ಹೊರಗಿನವರಿಗೆ ಬಾಗಿಲು ಹಾಕಿತ್ತು, ಮಧ್ಯ ಏಷ್ಯಾದಲ್ಲಿ ರಷ್ಯಾ ಮುಂದೆ ಬರುತ್ತಿತ್ತು, ಬ್ರಿಟಿಷರಿಗೆ ಅಲ್ಲಿನ ದಾರಿ ಬೇಕಿತ್ತು. ಅದಕ್ಕೆ ಇವರಿಗೆ ತರಬೇತಿ ಕೊಟ್ಟು 1865ರಲ್ಲಿ ಯಾತ್ರಿಕನ ವೇಷದಲ್ಲಿ ಕಳಿಸಿದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೊಂದು ಮಣಿ ಸರಿಸುತ್ತಾ ಲ್ಹಾಸಾ ತನಕ ನಡೆದರು. ಲೆಕ್ಕದ ಚೀಟಿಗಳು ಬೌದ್ಧರು ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದಲ್ಲ, ಅದು ಎಷ್ಟು ಬಿಸಿಗೆ ಕುದಿಯುತ್ತದೆ ಅಂತ ನೋಡಿ ಲ್ಹಾಸಾದ ಎತ್ತರ ಅಂದಾಜು ಮಾಡಿದರು. ಸಿಕ್ಕಿಬಿದ್ದಿದ್ದರೆ ಪ್ರಾಣ ಹೋಗುತ್ತಿದ್ದದ್ದು ಇವರದ್ದು, ಕಳಿಸಿದ ಸಾಹೇಬರದ್ದಲ್ಲ.

ಇನ್ನೊಂದು ಮಾತು. ‘ನಕ್ಷೆ ಇಲ್ಲದ ನಾಡು’ ಅಂದರೆ ಕಳಿಸಿದವರ ಕೈಯಲ್ಲಿ ನಕ್ಷೆ ಇರಲಿಲ್ಲ ಅಂತ ಅಷ್ಟೇ, ಅಲ್ವಾ? ಅಲ್ಲಿದ್ದವರಿಗೆ ದಾರಿ ಚೆನ್ನಾಗಿ ಗೊತ್ತಿತ್ತು. 1805ರ ಸೆಪ್ಟೆಂಬರ್‌ನಲ್ಲಿ ಲೂಯಿಸ್ ತಂಡ ಹಸಿವಿನಿಂದ ಬಳಲಿ ಬೆಟ್ಟ ಇಳಿದಾಗ, ಅಲ್ಲಿನ ಮೂಲನಿವಾಸಿ ಬುಡಕಟ್ಟಾದ ನೆಝ್ ಪರ್ಸ್ ಜನ ಅವರಿಗೆ ಒಣ ಮೀನು, ಗೆಡ್ಡೆ ಕೊಟ್ಟರು. ಅವರ ಮುಖ್ಯಸ್ಥರೊಬ್ಬರು ಬಿಳಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಚರ್ಮದ ಮೇಲೆ ಮುಂದಿನ ನದಿಗಳನ್ನು ಬರೆದು ತೋರಿಸಿದರು. ತಂಡ ದೋಣಿ ಹತ್ತಿ ಸಾಗರದ ಕಡೆ ಹೋದಾಗ ಬಿಟ್ಟುಹೋದ ಕುದುರೆಗಳೂ ಚಳಿಗಾಲವಿಡೀ ಅವರ ಹತ್ತಿರವೇ ಇದ್ದವು.

ಆ ಪಯಣವನ್ನೇ ತೋರಿಸಿ ಅಮೆರಿಕ ಮುಂದೆ ಪೆಸಿಫಿಕ್ ಕರಾವಳಿಯ ಒರೆಗಾನ್ ಪ್ರದೇಶ ತನ್ನದೆಂದು ವಾದಿಸಿತು. 1863ರ ಒಪ್ಪಂದದಲ್ಲಿ ನೆಝ್ ಪರ್ಸ್‌ಗೆ ಮೀಸಲಿಟ್ಟಿದ್ದ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. 1877ರಲ್ಲಿ ಅಮೆರಿಕದ ಸೈನ್ಯ ಅವರನ್ನು ಬೆಟ್ಟ ಕಣಿವೆಗಳಲ್ಲಿ ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಯಿತು.