ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನಲ್ಲಿರುವ ತಮ್ಮನಿಗೆ, ಗಂಗಾವತಿಯಿಂದ

ತಮ್ಮಾ,

ನೀನು ಬರೆದದ್ದನ್ನು ನಾಲ್ಕು ದಿನದ ಹಿಂದೆಯೇ ಓದಿದೆ. ಗವಿಸಿದ್ಧೇಶ್ವರ ಜಾತ್ರೆಗೆ ಅಂತ ಊರಿಗೆ ಬಂದಿದ್ದೇನೆ. ತೇರು ಎಳೆದು ಮುಗಿದರೂ ಮನೆಯಲ್ಲಿ ಮಂದಿ ಕರಗಿಲ್ಲ. ಎಲ್ಲರೂ ಮಲಗಿದ ಮೇಲೆ ಈಗ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ತಡವಾಯಿತು ಅಂತ ಬೇಜಾರಾಗಬೇಡ.

ನೀನು ಹೇಳಿದ್ದು ಇಷ್ಟು. ನಿನ್ನ ಒಡಹುಟ್ಟಿದ ಅಕ್ಕನ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕು ಅಮೆರಿಕಕ್ಕೆ ಬಂದು ಎಂಟು ತಿಂಗಳು. ಗೋದಾಮಿನಲ್ಲಿ ಟ್ರೇಲರ್‌ನಿಂದ ಪ್ಯಾಲೆಟ್ ಇಳಿಸುವಾಗ ಡ್ರೈವರ್ ಗೊತ್ತಿಲ್ಲದೆ ಗಾಡಿ ಮುಂದಕ್ಕೆ ಬಿಟ್ಟ, ನೀನು ಕೆಳಗೆ ಬಿದ್ದೆ. ಸೊಂಟ ಹಿಡಿದಿದೆ, ಬಲಗೈ ಮಣಿಕಟ್ಟು ಬಾತಿದೆ. 'ನಿನ್ನ ಸಿಕ್ ಲೀವ್ ಹಾಕಿಕೋ, ಫಾರ್ಮು ಗೀರ್ಮು ಬೇಡ' ಅಂತ ಸೂಪರ್‌ವೈಸರ್. 'ಲಾಯರ್ ಹಿಡಿ' ಅಂತ ರೂಮಿನವರು. ಯಾರನ್ನು ಹಿಡಿಯಲಿ, ಎಷ್ಟು ತಗೋತಾರೆ, ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತಾ, ಈ ದೇಶದಲ್ಲಿ ಬದುಕೋದೇ ಹಿಂಗಾ ಅಕ್ಕಾ ಅಂತ ಕೇಳಿದ್ದೀ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬದುಕು ಹಿಂಗಲ್ಲ. ನಾನು ನಿನ್ನ ಹತ್ತಿರದ ಊರು ಸ್ಟಾಕ್‌ಟನ್‌ಗೆ ಬಂದು ಹತ್ತೊಂಬತ್ತು ವರ್ಷ. ಅದರಲ್ಲಿ ಎರಡು ವರ್ಷ ಮಾತ್ರ ಹಿಂಗಿತ್ತು, ಪ್ಯಾಕಿಂಗ್ ಕೆಲಸದಲ್ಲಿ ಭುಜ ಕೆಟ್ಟಾಗ.

ಲಾಯರ್ ಮಾತು ಆಮೇಲೆ, ಮೊದಲು ಕಾಗದ. ಬಾಯಲ್ಲಿ ಹೇಳಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇವತ್ತೇ ಈಮೇಲ್ ಹಾಕು: ಯಾವ ತಾರೀಖು, ಎಷ್ಟು ಹೊತ್ತಿಗೆ, ಎಷ್ಟನೇ ಡಾಕ್, ಯಾವ ಟ್ರಕ್, ಎಲ್ಲೆಲ್ಲಿ ಪೆಟ್ಟು. ಸೊಂಟ, ಮಣಿಕಟ್ಟು ಎರಡನ್ನೂ ಬರೆ. ನಾನು ಭುಜ ಬರೆದು ಕುತ್ತಿಗೆ ಬಿಟ್ಟಿದ್ದೆ. ಆಮೇಲೆ ಆ ಕುತ್ತಿಗೆಯನ್ನು ಕೇಸಿಗೆ ಸೇರಿಸುವಷ್ಟರಲ್ಲಿ ಎಂಟು ತಿಂಗಳು ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಪೆಟ್ಟು ಬಿದ್ದ 30 ದಿನದೊಳಗೆ ಕಂಪನಿಗೆ ತಿಳಿಸಬೇಕು. ಗೊತ್ತಾದ ಮೇಲೆ ಒಂದು ಕೆಲಸದ ದಿನದೊಳಗೆ ಅವರು ವರ್ಕರ್ಸ್ ಕಾಂಪ್‌ನ, ಅಂದರೆ ಕೆಲಸದಲ್ಲಿ ಪೆಟ್ಟಾದವರಿಗೆ ಕಂಪನಿಯ ವಿಮೆಯಿಂದ ಸಿಗುವ ಪರಿಹಾರದ, ಡಿಡಬ್ಲ್ಯುಸಿ-1 ಅನ್ನುವ ಕ್ಲೇಮ್ ಫಾರ್ಮ್ ಕೊಡಬೇಕು. ಕೊಡದಿದ್ದರೆ ಸರ್ಕಾರದ ವೆಬ್‌ಸೈಟಿನಿಂದ ನೀನೇ ಇಳಿಸಿಕೊಂಡು, ನಿನ್ನ ಭಾಗ ತುಂಬಿ ಕೊಡು. ಕೊಡುವ ಮೊದಲು ಫೋಟೊ ಹೊಡೆದಿಟ್ಟುಕೋ. ಆ ಫಾರ್ಮ್ ಕೈಸೇರಿತೋ, ಒಪ್ಪಬೇಕೋ ಬೇಡವೋ ಅಂತ ಅವರು ಲೆಕ್ಕ ಹಾಕುತ್ತಿರುವಾಗಲೂ 10,000 ಡಾಲರ್‌ವರೆಗಿನ ಚಿಕಿತ್ಸೆಗೆ ಒಪ್ಪಿಗೆ ಕೊಡಲೇಬೇಕು. 90 ದಿನದಲ್ಲಿ ಇಲ್ಲ ಅನ್ನದಿದ್ದರೆ ಹೂಂ ಅಂದ ಹಾಗೆಯೇ ಲೆಕ್ಕ.

ಸೂಪರ್‌ವೈಸರ್ ಹೇಳಿದ ಸಿಕ್ ಲೀವ್ ನಿನ್ನ ಗಂಟು. ಡಾಕ್ಟರ್ ಕೆಲಸ ಬೇಡ ಅಂದರೆ ವಿಮೆಯವರು ನಿನ್ನ ವಾರದ ಸಂಬಳದ ಮೂರರಲ್ಲಿ ಎರಡು ಪಾಲು ಕೊಡಬೇಕು, ಸಾಮಾನ್ಯವಾಗಿ 104 ವಾರದವರೆಗೆ. ಮೊದಲ ಮೂರು ದಿನಕ್ಕೆ ದುಡ್ಡಿಲ್ಲ. 14 ದಿನ ದಾಟಿದರೆ ಆ ಮೂರು ದಿನದ್ದೂ ಬರುತ್ತದೆ. ಅವರ ಗಂಟು ಬಿಚ್ಚುವುದು ಬಿಟ್ಟು ನಿನ್ನದನ್ನು ಬಿಚ್ಚು ಅಂತಾನಲ್ಲ, ಅವನ ಜಾಣತನ ನೋಡು.

ಗ್ರೀನ್ ಕಾರ್ಡಿನ ಹೆದರಿಕೆ ಬಿಡು. ಇದು ಸರ್ಕಾರ ಕೊಡುವ ದಾನ ಅಲ್ಲ, ಕಂಪನಿ ಕಟ್ಟಿರುವ ವಿಮೆ. ಕಾಗದಪತ್ರ ಇಲ್ಲದೆ ಕೆಲಸ ಮಾಡುವವರಿಗೂ ಆ ರಾಜ್ಯದಲ್ಲಿ ಇದು ಸಿಗುತ್ತದೆ, ನಿನಗೆ ಸಿಗದೇ ಇರುತ್ತದಾ? ಕ್ಲೇಮ್ ಹಾಕಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದಕ್ಕೂ ಕಾನೂನಿನ ಅಡ್ಡಿ ಇದೆ. ಬೇರೆ ನೆಪ ಹುಡುಕುತ್ತಾರೆ, ಅದು ಬೇರೆ ಮಾತು. ಅದಕ್ಕೇ ಎಲ್ಲವೂ ಬರಹದಲ್ಲಿರಲಿ ಅನ್ನೋದು.

ನನಗೆ ಈ ಕಾಗದದ ಹುಚ್ಚು ಎಲ್ಲಿಂದ ಬಂತು ಅಂದರೆ ಅಪ್ಪನಿಂದ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೋಡುತ್ತಿದ್ದೆ. ಅಪ್ಪ ರೊಟ್ಟಿ ಮುರಿದು ಪಲ್ಯ ತೆಗೆದರೆ, ಬಲಗೈಯಲ್ಲಿ ಎರಡು ಬೆರಳಿಲ್ಲದ ಸಂದಿಯಿಂದ ಪಲ್ಯ ಜಾರುತ್ತದೆ. ಅದಕ್ಕೆ ಎಡಗೈಯಿಂದ ತಾಟನ್ನು ಓರೆ ಮಾಡಿ ಬಾಯಿಯ ಹತ್ತಿರ ತರುತ್ತಾನೆ. ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದಾಗ ಬೆಲ್ಟಿಗೆ ಸಿಕ್ಕ ಬೆರಳುಗಳವು. ಮಾಲೀಕ ಆಸ್ಪತ್ರೆ ಖರ್ಚು ಕೊಟ್ಟ, ಆರುನೂರು ರೂಪಾಯಿ ಕೊಟ್ಟ, ಎರಡು ಚೀಲ ನೆಲ್ಲು ಕಳಿಸಿದ, ಒಂದು ಕಾಗದದ ಮೇಲೆ ಉಳಿದ ಕೈಯ ಹೆಬ್ಬೆಟ್ಟು ಒತ್ತಿಸಿಕೊಂಡ. ದೊಡ್ಡ ಮನಸ್ಸಿನವರು ಅಂತ ನಮ್ಮಜ್ಜಿ ಹಾಡಿ ಹೊಗಳಿದಳು. ಕೆಲಸದಲ್ಲಿ ಕೈಕಾಲು ಕಳೆದುಕೊಂಡವರಿಗೆ ಪರಿಹಾರದ ಕಾನೂನು ನಮ್ಮ ದೇಶದಲ್ಲಿ 1923ರಿಂದ ಇತ್ತು. ಅಪ್ಪನ ಬೆರಳು ಹೋದಾಗ ನಮ್ಮೂರು ಇನ್ನೂ ರಾಯಚೂರು ಜಿಲ್ಲೆ, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ರಾಯಚೂರಿಗೆ ಹೋಗಿ ಕೇಳು ಅಂತ ಹೇಳುವವರೇ ಇರಲಿಲ್ಲ. ಹೇಳಿದ್ದರೂ ಅಪ್ಪ ಹೋಗುತ್ತಿರಲಿಲ್ಲ ಅನ್ನು. ನಾಳೆ ಅದೇ ಮಿಲ್ಲಿನ ಬಾಗಿಲಿಗೆ ಹೋಗಬೇಕಲ್ಲ.

ನಿನ್ನದೂ ಅದೇ ಸಂಕೋಚ ಅಂತ ನಿನ್ನ ಬರಹದಲ್ಲಿ ಕಾಣಿಸಿತು. 'ಕೆಲಸ ಕೊಟ್ಟವರ ಮೇಲೆ ಕೇಸ್ ಹಾಕೋದಾ' ಅಂದಿದ್ದೀ. ಇದು ಹಾಗಲ್ಲ. ಕ್ಯಾಲಿಫೋರ್ನಿಯಾ 1911ರಲ್ಲಿ ಈ ಪದ್ಧತಿ ತಂದು 1913ರಲ್ಲಿ ಕಡ್ಡಾಯ ಮಾಡಿತು. ಒಳಗಿನ ಒಪ್ಪಂದ ಇಷ್ಟೇ: ತಪ್ಪು ಯಾರದು ಅಂತ ಕೆದಕದೆ ಕಂಪನಿ ಔಷಧಿ, ಸಂಬಳದ ಪಾಲು ಕೊಡುತ್ತದೆ, ಅದಕ್ಕೆ ಬದಲಾಗಿ ಕೆಲಸಗಾರ ಕಂಪನಿಯನ್ನು ಕೋರ್ಟಿಗೆ ಎಳೆಯುವುದಿಲ್ಲ. ನಿನ್ನ ಪಾಲಿನದನ್ನು ನೀನು ಬಿಟ್ಟಾಗಿದೆ. ಅವರ ಪಾಲಿನದನ್ನು ಕೇಳುತ್ತಿದ್ದೀ, ಅಷ್ಟೆ.

ಈಗ ಲಾಯರ್. ಎಲ್ಲರಿಗೂ ಬೇಕಾಗುವುದಿಲ್ಲ. ಬಾವು ಎರಡು ವಾರದಲ್ಲಿ ಇಳಿದು, ಕ್ಲೇಮ್ ಒಪ್ಪಿಕೊಂಡು, ದುಡ್ಡು ಸರಿಯಾಗಿ ಬರುತ್ತಿದ್ದರೆ ಸುಮ್ಮನಿರು. ಏನಾದರೂ ಕೇಳಬೇಕಾದರೆ ಸ್ಟಾಕ್‌ಟನ್‌ನ ವರ್ಕರ್ಸ್ ಕಾಂಪ್ ಆಫೀಸಿನಲ್ಲಿ ಮಾಹಿತಿ ಅಧಿಕಾರಿಗಳಿದ್ದಾರೆ, ಬಿಟ್ಟಿ. ಆದರೆ ನಿನ್ನದು ಸೊಂಟ. ಫಾರ್ಮ್ ಕೊಡಲು ಹಿಂದೇಟು ಹಾಕುತ್ತಿರುವ ಕಂಪನಿ ಬೇರೆ. ನನ್ನನ್ನು ಕೇಳಿದರೆ ಲಾಯರ್ ಬೇಕು.

ಫೀಸಿನ ಬಗ್ಗೆ ನಿನಗೆ ಭಯ ಇದ್ದದ್ದು ಸಹಜ. ಊರಿನ ಹಾಗೆ ಮೊದಲೇ ಕೈಬಿಸಿ ಮಾಡಬೇಕಿಲ್ಲ, ವಾಯಿದೆಗೊಮ್ಮೆ ದುಡ್ಡು ಎಣಿಸಬೇಕಿಲ್ಲ. ಕೊನೆಗೆ ಬಂದ ಪರಿಹಾರದಲ್ಲಿ ಒಂದು ಪಾಲು, ಸಾಮಾನ್ಯವಾಗಿ 100ಕ್ಕೆ 9ರಿಂದ 15. ಅದನ್ನೂ ವರ್ಕರ್ಸ್ ಕಾಂಪ್ ಜಡ್ಜ್ ನೋಡಿ ಒಪ್ಪಬೇಕು. 20,000 ಡಾಲರ್ ಬಂದು 15 ಅಂದರೆ 3,000. ಯಾವ ಆಫೀಸಿಗೆ ಹೋದರೂ ಹೆಚ್ಚುಕಡಿಮೆ ಇದೇ ದರ. ಇಲ್ಲೇ ನಾನು ಎಡವಿದ್ದು. ದರ ಒಂದೇ ಅಂದಮೇಲೆ ಯಾರಾದರೇನು ಅಂದುಕೊಂಡೆ. ದರ ಒಂದೇ ಆಗಿರುವುದಕ್ಕೇ ಮನುಷ್ಯನನ್ನು ನೋಡಿ ಆರಿಸಬೇಕಿತ್ತು.

ನನ್ನ ಮೊದಲ ಲಾಯರ್ ಸಿಕ್ಕಿದ್ದು ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ. ಲಾಯರ್ ಅಲ್ಲ, ಅವರ ಪರವಾಗಿ ಕಾರ್ಡು ಹಂಚುವ ಒಬ್ಬ. ಕೈಯಲ್ಲಿ ಜೋಲಿ ಕಟ್ಟಿಕೊಂಡು ಬಂದವಳನ್ನು ನೋಡಿದ್ದೇ 'ನಿಮಗೆ ಎಂಬತ್ತು ಸಾವಿರ ಕೊಡಿಸುತ್ತೇವೆ' ಅಂದ. ಹಾಗೆ ಗಿರಾಕಿ ಹಿಡಿಯುವುದೇ ಅಲ್ಲಿ ಅಪರಾಧ ಅಂತ ನನಗೇನು ಗೊತ್ತು? ಸಹಿ ಹಾಕಿದೆ. ಆಮೇಲೆ ಏಳು ತಿಂಗಳಲ್ಲಿ ಆ ಲಾಯರ್ ಮುಖ ಒಮ್ಮೆಯೂ ನೋಡಲಿಲ್ಲ. ಫೋನ್ ಮಾಡಿದರೆ ಪ್ರತಿ ಸಲ ಹೊಸ ಹುಡುಗಿ, ಪ್ರತಿ ಸಲ 'ಯಾವ ಕೈ ನಿಮ್ಮದು?' ಅಂತ ಕೇಳುತ್ತಿದ್ದಳು. ವಿಚಾರಣೆಯ ದಿನ ಸೂಟು ಹಾಕಿಕೊಂಡು ಬಂದವನು ಲಾಯರೇ ಅಲ್ಲ, ಆಫೀಸು ಕಳಿಸಿದ ಪ್ರತಿನಿಧಿ. ಅಲ್ಲಿ ಅದಕ್ಕೆ ಅವಕಾಶ ಇದೆ. ಫೈಲನ್ನು ಲಿಫ್ಟಿನಲ್ಲಿ ಓದುತ್ತಿದ್ದ.

ಎರಡನೆಯವರು ಸಿಕ್ಕಿದ್ದು ಗುರುದ್ವಾರದಲ್ಲಿ ಪರಿಚಯವಾದ ಒಬ್ಬ ಟ್ರಕ್ ಡ್ರೈವರ್ ಹೇಳಿದ್ದರಿಂದ. ಸಣ್ಣ ಆಫೀಸು, ಮಧ್ಯವಯಸ್ಸಿನ ಹೆಂಗಸು. ಎಷ್ಟು ಬರುತ್ತದೆ ಅಂತ ನಾನೇ ಕೇಳಿದೆ. 'ಡಾಕ್ಟರ್ ರಿಪೋರ್ಟ್ ಬರುವ ಮೊದಲು ಹೇಳಿದರೆ ಸುಳ್ಳು ಹೇಳಿದ ಹಾಗೆ' ಅಂದರು. ಆಮೇಲೆ ಮೂಲೆಯಲ್ಲಿದ್ದ ಖಾಲಿ ರಟ್ಟಿನ ಡಬ್ಬಿ ಕೊಟ್ಟು, ಕೆಲಸದಲ್ಲಿ ಹೇಗೆ ಎತ್ತುತ್ತಿದ್ದೆ ತೋರಿಸು ಅಂದರು. ಕಪಾಟಿನ ಎತ್ತರ ಎಷ್ಟು, ತಾಸಿಗೆ ಎಷ್ಟು ಡಬ್ಬಿ, ಯಾವ ಕೈ ಮೇಲೆ? ನಾನು ಎತ್ತಿ ತೋರಿಸುತ್ತ ಅತ್ತುಬಿಟ್ಟೆ. ನೋವಿಗಲ್ಲ. ಅಷ್ಟು ದಿನದಲ್ಲಿ ನನ್ನ ಕೆಲಸ ಏನು ಅಂತ ಕೇಳಿದ ಮೊದಲ ಮನುಷ್ಯಳು ಆಕೆ.

ಲಾಯರ್ ಬದಲಿಸಿದರೆ ಎರಡು ಫೀಸು ಕೊಡಬೇಕಾಗುತ್ತದೆ ಅಂತ ನಾನು ತಿಂಗಳುಗಟ್ಟಲೆ ಹೆದರಿದ್ದೆ. ಹಾಗೇನಿಲ್ಲ. ಒಂದೇ ಫೀಸನ್ನು ಹಳಬರೂ ಹೊಸಬರೂ ಹಂಚಿಕೊಳ್ಳುತ್ತಾರೆ.

ನೀನು ಹೋದಾಗ ಕೇಳಬೇಕಾದ್ದು ಕೆಲವಿದೆ. ನನ್ನ ಫೈಲು ಯಾರ ಮೇಜಿನ ಮೇಲಿರುತ್ತದೆ, ಫೋನ್ ಯಾರು ಎತ್ತುತ್ತಾರೆ, ವಿಚಾರಣೆಗೆ ನೀವೇ ಬರುತ್ತೀರಾ? ಹೋಗುವ ಮೊದಲು ಲಾಯರುಗಳಿಗೆ ಲೈಸೆನ್ಸ್ ಕೊಡುವ ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೋಡು. ಲೈಸೆನ್ಸ್ ಸರಿ ಇದೆಯಾ, ಶಿಸ್ತುಕ್ರಮ ಆಗಿದೆಯಾ ಅಂತ ಬರುತ್ತದೆ. ವರ್ಕರ್ಸ್ ಕಾಂಪ್‌ನಲ್ಲೇ ಪರೀಕ್ಷೆ ಬರೆದು ಸ್ಪೆಷಲಿಸ್ಟ್ ಅನ್ನಿಸಿಕೊಂಡವರಿದ್ದರೆ ಅದೂ ಅಲ್ಲೇ ಇರುತ್ತದೆ. ವಲಸೆ ಕೇಸು, ಡೈವೋರ್ಸು, ವರ್ಕರ್ಸ್ ಕಾಂಪು ಎಲ್ಲ ಒಂದೇ ಬೋರ್ಡಿನಲ್ಲಿ ಬರೆದುಕೊಂಡವರ ಹತ್ತಿರ ಹೋಗಬೇಡ, ನಮ್ಮವರೇ ಆಗಿದ್ದರೂ. ನಮ್ಮವರು ಅನ್ನುವ ಮಮತೆಗೆ ಸೊಂಟ ಒತ್ತೆ ಇಡಬಾರದು.

ನಿನ್ನ ಕೇಸಿನಲ್ಲಿ ಇನ್ನೊಂದು ಎಳೆ ಇದೆ. ಟ್ರಕ್ ಓಡಿಸಿದವನು ನಿಮ್ಮ ಕಂಪನಿಯವನಲ್ಲ ಅಂದಿದ್ದೀ. ಕಂಪನಿ ಮೇಲೆ ದಾವೆ ಹೂಡುವಂತಿಲ್ಲ ಅಂದೆನಲ್ಲ, ಹೊರಗಿನವರ ತಪ್ಪಿದ್ದರೆ ಅವರ ಮೇಲೆ ಹೂಡಬಹುದು. ಅದು ಬೇರೆ ಕೋರ್ಟು, ಬೇರೆ ಲೆಕ್ಕ. ಫೀಸೂ ಹೆಚ್ಚು, ಮೂರರಲ್ಲಿ ಒಂದು ಪಾಲು ಕೇಳುವುದು ವಾಡಿಕೆ. ಅದಕ್ಕೆ ಎರಡು ವರ್ಷದ ಗಡುವು. ವರ್ಕರ್ಸ್ ಕಾಂಪ್ ಅರ್ಜಿಗೆ ಸಾಮಾನ್ಯವಾಗಿ ಒಂದೇ ವರ್ಷ. 'ಈ ಎರಡನೆಯದನ್ನು ನೀವೇ ನೋಡುತ್ತೀರಾ, ಯಾರಿಗೆ ಕಳಿಸುತ್ತೀರಿ' ಅಂತ ಮೊದಲ ದಿನವೇ ಕೇಳು. ಟ್ರಕ್ಕಿನ ವಿಷಯ ಅವರಾಗಿಯೇ ಎತ್ತದಿದ್ದರೆ ಎದ್ದು ಬಾ.

ಲಾಯರ್ ಬೇಕು ಅನ್ನಿಸಿದರೆ ತಡ ಮಾಡಬೇಡ. ಮುಂದೆ ನಿನ್ನನ್ನು ಕ್ಯುಎಂಇ ಅನ್ನುವ, ಪೆಟ್ಟು ಎಷ್ಟು ಅಂತ ನೋಡಿ ರಿಪೋರ್ಟ್ ಬರೆಯುವ, ಯಾರ ಕಡೆಯವರೂ ಅಲ್ಲದ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಮೂವರ ಪಟ್ಟಿ ಬರುತ್ತದೆ. ಲಾಯರ್ ಇಲ್ಲದಿದ್ದರೆ ನೀನೇ ಒಬ್ಬರನ್ನು ಆರಿಸಬೇಕು. ಇದ್ದರೆ ಎರಡೂ ಕಡೆಯವರು ಒಂದೊಂದು ಹೆಸರು ಹೊಡೆದು ಉಳಿದವರ ಹತ್ತಿರ ಹೋಗುವುದು. ಒಬ್ಬನೇ ಹೋಗಿ ರಿಪೋರ್ಟ್ ಬರೆಸಿಕೊಂಡು, ಆಮೇಲೆ ಲಾಯರ್ ಹಿಡಿದರೆ ಹೊಸ ಪರೀಕ್ಷೆ ಸಿಗುವುದಿಲ್ಲ. ಮುಂದಿನದೆಲ್ಲ ನಿಂತಿರುವುದು ಆ ರಿಪೋರ್ಟಿನ ಮೇಲೆ.

ಆ ಡಾಕ್ಟರ್ ಹತ್ತಿರ ಹೋಗುವಾಗ ಕನ್ನಡದ ದುಭಾಷಿ ಕೇಳು. ವಿಮೆಯವರೇ ದುಡ್ಡು ಕೊಡಬೇಕು. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಗೊತ್ತು. ಆದರೆ ನೋವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡು. ನನಗೆ ಇಂಡಿಯನ್ ಅಂದರೆ ಹಿಂದಿ ಅಂತ ಒಬ್ಬರನ್ನು ಕಳಿಸಿದ್ದರು. ಚಳಕು ಹೊಡೆಯುತ್ತದೆ ಅಂದೆ, ಜೋಮು ಹಿಡಿಯುತ್ತದೆ ಅಂದೆ, ಆಕೆ ಎಲ್ಲದಕ್ಕೂ 'ದರ್ದ್' ಅಂದರು. ರಿಪೋರ್ಟಿನಲ್ಲಿ 'ಮರಗಟ್ಟುವಿಕೆ ಇಲ್ಲ' ಅಂತ ಬಂತು. ಆ ಒಂದು ಸಾಲನ್ನು ಸರಿಮಾಡಿಸಲು ಲಾಯರಮ್ಮ ಮೂರು ಪತ್ರ ಬರೆಯಬೇಕಾಯಿತು.

ರಾಜಿಯ ಮಾತು ಈಗಲೇ ಬೇಡ, ಆದರೂ ಕಿವಿಯಲ್ಲಿರಲಿ. ಇಡಿಗಂಟು ತಗೊಂಡು ಕೇಸು ಮುಚ್ಚಿದರೆ ಸಾಮಾನ್ಯವಾಗಿ ಮುಂದಿನ ಔಷಧಿ ಖರ್ಚು ನಿನ್ನದೇ. ಇನ್ನೊಂದು ರೀತಿಯ ರಾಜಿಯಲ್ಲಿ ದುಡ್ಡು ಕಂತಿನಲ್ಲಿ ಬರುತ್ತದೆ, ಆ ಗಾಯದ ಚಿಕಿತ್ಸೆಯ ಬಾಗಿಲು ತೆರೆದಿರುತ್ತದೆ. ನಾನು ಎರಡನೆಯದನ್ನು ಆರಿಸಿದೆ. ಇಡಿಗಂಟು ತಗೊಂಡಿದ್ದರೆ ಇಲ್ಲಿ ಮನೆ ಮೇಲೆ ಮನೆ ಕಟ್ಟಿಸಬಹುದಿತ್ತು ಅಂತ ನನ್ನ ಒಡಹುಟ್ಟಿದ ತಮ್ಮನಿಗೆ ಇವತ್ತಿಗೂ ಸಿಟ್ಟು. ಹೋದ ವರ್ಷ ಭುಜಕ್ಕೆ ಮತ್ತೆ ಇಂಜೆಕ್ಷನ್ ಆಯಿತು, ನನ್ನ ಕಿಸೆಯಿಂದ ಒಂದು ಡಾಲರೂ ಹೋಗಲಿಲ್ಲ. ಅವನಿಗೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯ. ನಿಮ್ಮವ್ವ ಕಾರಟಗಿಯಿಂದ ಬಂದಿದ್ದರು, ದಾಸೋಹದಲ್ಲಿ ಸಿಕ್ಕರು. 'ಹೆಂಗದಾನವಾ ನನ್ನ ಮಗಾ?' ಅಂತ ಕೈ ಹಿಡಿದುಕೊಂಡು ಕೇಳಿದರು. ಆರಾಮ ಅದಾನ ಅಂದೆ. ನೀನು ಹೇಳಿಲ್ಲದ್ದನ್ನು ನಾನು ಹೇಳಲಿಲ್ಲ. ನಿನಗೆ ಅಂತ ರೊಟ್ಟಿ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೆಂಪು ಖಾರ ಎಲ್ಲ ಒಂದೇ ಗಂಟು ಮಾಡಿ ಕೊಟ್ಟಿದ್ದಾರೆ. ತೂಗಿ ನೋಡಿದೆ, ಐದು ಕಿಲೊ, ಅಂದರೆ 11 ಪೌಂಡ್. ಕ್ಲಿನಿಕ್ಕಿನವರು 10 ಪೌಂಡಿನ ಮೇಲೆ ಎತ್ತಬೇಡ ಅಂತ ಬರೆದುಕೊಟ್ಟಿದ್ದಾರೆ ಅಂದೆಯಲ್ಲ. ಭಾರ ಎತ್ತುವುದನ್ನು ದೂರದಿಂದ ವಿಡಿಯೊ ಮಾಡಲು ವಿಮೆಯವರು ಜನರನ್ನು ಬಿಡುವುದುಂಟು. ಮುಂದಿನ ವಾರ ಬಂದಿಳಿದ ಮೇಲೆ ಫೋನ್ ಮಾಡುತ್ತೇನೆ, ರೂಮಿನವರಲ್ಲಿ ಒಬ್ಬನನ್ನು ಕರೆದುಕೊಂಡು ಬಾ. ಗಂಟು ಅವನು ಹೊರಲಿ.