ಜಿರಾಫೆ ಬೇಡ, ಆಸೋ ಬೇಕು

ನಮಸ್ಕಾರ,

ಜೇಡ ಅನಾನ್ಸೆ ನಾಲ್ಕು ಜೀವಿಗಳನ್ನು ಉಪಾಯದಿಂದ ಹಿಡಿದುಕೊಟ್ಟು ಆಕಾಶದೊಡೆಯನಿಂದ ಕತೆಗಳನ್ನು ಕೊಳ್ಳುವ ‘ಜೇಡ ಕತೆಗಳನ್ನು ಗೆದ್ದದ್ದು’ ಎಂಬ ನಿಮ್ಮ ಹಸ್ತಪ್ರತಿಯನ್ನೂ ಬಣ್ಣದ ಚಿತ್ರಗಳನ್ನೂ ನೋಡಿದೆವು. ಈಗಿರುವ ರೂಪದಲ್ಲಿ ಇದು ಅಚ್ಚಿಗೆ ಹೋಗದು. ಹಾಗಂತ ಪಕ್ಕಕ್ಕಿಡುವಂಥದ್ದೂ ಅಲ್ಲ. ಹೆಬ್ಬಾವನ್ನು ಕೋಲಿಗೆ ಒತ್ತಿ ಅಳೆಯುವ ಪುಟ ಚೆನ್ನಾಗಿಯೇ ಬಂದಿದೆ. ಉಳಿದ ಪುಟಗಳೂ ಆ ಮಟ್ಟಕ್ಕೆ ಬರಬೇಕಾದರೆ ಏನೇನು ಬದಲಾಗಬೇಕು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ದೊಡ್ಡ ತೊಂದರೆ ಮೊದಲ ಸಾಲಿನಲ್ಲೇ ಇದೆ: ‘ಒಂದಾನೊಂದು ಕಾಲದಲ್ಲಿ ಆಫ್ರಿಕಾದ ಕಾಡಿನಲ್ಲಿ’. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡದಲ್ಲಿ ಎಲ್ಲಿ? ಈ ಕತೆಗೆ ಊರಿದೆ. ಇದು ಘಾನಾದ ಅಸಾಂಟೆ ಜನರದು, ಕುಮಾಸಿಯ ಸುತ್ತಮುತ್ತಲ ಮಳೆಕಾಡಿನದು. ಈ ಜನರ ಕತೆಗಳನ್ನು ಸಂಗ್ರಹಿಸಿದ ಆರ್. ಎಸ್. ರ‍್ಯಾಟ್ರೆ 1930ರಲ್ಲಿ ಅಚ್ಚು ಮಾಡಿಸಿದ ಪಾಠದಲ್ಲಿ ಆಕಾಶದೊಡೆಯ ಜೇಡನನ್ನು ಹಂಗಿಸುವುದೇ ಹೀಗೆ: ಕೊಕೋಫು, ಬೆಕ್ವಾಯ್‌ನಂಥ ದೊಡ್ಡ ಊರಿನವರಿಗೇ ಕೊಳ್ಳಲು ಆಗದ ಕತೆಗಳನ್ನು ನೀನು ಕೊಳ್ಳುತ್ತೀಯಾ? ಆ ಊರುಗಳು ಇಂದಿಗೂ ಕುಮಾಸಿಯ ಆಸುಪಾಸಿನಲ್ಲೇ ಇವೆ. ಇಂಥ ಎರಡು ಹೆಸರು ಬಂದರೆ ಸಾಕು, ಕತೆ ನೆಲಕ್ಕೆ ಕಾಲೂರುತ್ತದೆ.

ಊರು ಗೊತ್ತಾದರೆ ಚಿತ್ರದ ತಪ್ಪುಗಳೂ ತಾವಾಗಿ ಕಾಣುತ್ತವೆ. ಛತ್ರಿಯಂಥ ಅಕೇಶಿಯಾ ಮರ, ಕೆಂಪು ಸೂರ್ಯ, ಜಿರಾಫೆ, ಜೀಬ್ರಾ ಎಲ್ಲ ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಸಾಮಾನು. ಆಕಾಶದೊಡೆಯ ನ್ಯಾಮೆಗೆ ಹೊದಿಸಿದ ಕೆಂಪು ಚೌಕಳಿ ಬಟ್ಟೆ ಕೀನ್ಯಾ, ಟಾಂಜಾನಿಯಾ ಕಡೆಯ ಮಸಾಯಿಗಳದು. ಅವನಿಗೆ ಕೆಂಟೆ ಬಟ್ಟೆ ಹೊದಿಸಿ: ಸುಮಾರು ನಾಲ್ಕು ಅಂಗುಲ ಅಗಲದ ಪಟ್ಟಿಗಳನ್ನು ನೇಯ್ದು ಒಂದರ ಪಕ್ಕ ಒಂದು ಹೊಲಿದದ್ದು, ಎಡಭುಜದ ಮೇಲೆ ಬರುವಂತೆ. ಅನಾನ್ಸೆಗೆ ಮಾತ್ರ ಕೆಂಟೆ ಬೇಡ, ಅದು ಹಬ್ಬದ, ದೊರೆತನದ ಬಟ್ಟೆ. ದುಂಡನೆಯ ಗುಡಿಸಲುಗಳನ್ನೂ ತೆಗೆಯಿರಿ. ಅಸಾಂಟೆ ಹಳೆಯ ಕಟ್ಟಡಗಳು ನಡುವೆ ಅಂಗಳ ಬಿಟ್ಟ ತೊಟ್ಟಿಮನೆಯಂಥವು, ಕಡಿದಾದ ಸೂರು, ಗೋಡೆಯ ಕೆಳಭಾಗದಲ್ಲಿ ಉಬ್ಬುಚಿತ್ತಾರ. ಕುಮಾಸಿ ಬಳಿಯ ಅಂಥ ಕಟ್ಟಡಗಳು 1980ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ಫೋಟೋ ಸಿಗುವುದು ಕಷ್ಟವಲ್ಲ.

ಗುಂಡಿಗೆ ಬೀಳುವುದು ಹುಲಿಯಲ್ಲ, ಚಿರತೆ. ಆಫ್ರಿಕಾದ ಕಾಡಿನಲ್ಲಿ ಹುಲಿಯಿಲ್ಲ. ಇದೇ ಜೇಡ ಗುಲಾಮರ ಹಡಗಿನಲ್ಲಿ ಜಮೈಕಾಕ್ಕೆ ಹೋದ ಮೇಲೆ ಅಲ್ಲಿನ ಕತೆಗಳಲ್ಲಿ ಹುಲಿ ಬರುತ್ತದೆ. ನೀವು ಎರಡನ್ನೂ ಬೆರೆಸಿದ ಹಾಗಿದೆ. ಕೊನೆಗೆ ಸಿಕ್ಕಿಬೀಳುವ ಮೊವಾಟಿಯಾಳಿಗೆ ರೆಕ್ಕೆ, ಮಂತ್ರದಂಡ ಕೊಟ್ಟಿದ್ದೀರಲ್ಲ, ಅದು ಯೂರೋಪಿನ ಕಿನ್ನರಿ. ಅಸಾಂಟೆ ಮೊವಾಟಿಯಾ ಕಾಡಿನ ಕುಳ್ಳ ಜೀವ, ನಮ್ಮ ಕತೆಗಳ ದೆವ್ವದ ಹಾಗೆ ಪಾದ ಹಿಂದುಮುಂದು. ಅದನ್ನು ಬರೆದು ನೋಡಿ, ಮಕ್ಕಳು ಆ ಪುಟ ಬಿಟ್ಟು ಏಳುವುದಿಲ್ಲ.

ಇದೆಲ್ಲಕ್ಕಿಂತ ನಮಗೆ ಬೇಸರವಾದದ್ದು ಆಸೋಳನ್ನು ಅಳಿಸಿಹಾಕಿದ್ದು. ಜೇಡನ ಹೆಂಡತಿ ಅವಳು. ತಾಳೆಯ ಕೊಂಬೆ, ಬಳ್ಳಿ ತಾ ಎಂದವಳೂ ಸೋರೆಬುರುಡೆಯಲ್ಲಿ ನೀರು ತುಂಬು ಎಂದವಳೂ ಅವಳೇ. ನಿಮ್ಮ ಪಾಠದಲ್ಲಿ ಎಲ್ಲ ಉಪಾಯವೂ ಅನಾನ್ಸೆಯ ತಲೆಗೇ ಹೊಳೆಯುತ್ತದೆ. ಹಾಗಾಗಿ ನಾಲ್ಕೂ ಸಲ ಅವನು ‘ಯೋಚಿಸಿದನು’, ಆ ಯೋಚನೆ ಒಂದೊಂದು ಪ್ಯಾರಾ ತಿಂದಿದೆ. ಆಸೋ ಬಂದರೆ ಯೋಚನೆ ಮಾತಾಗುತ್ತದೆ. ಹೆಬ್ಬಾವಿನ ದಾರಿಯಲ್ಲಿ ಗಂಡ ಹೆಂಡತಿ ‘ಕೋಲೇ ಉದ್ದ’, ‘ಅಲ್ಲ, ಅವನೇ ಉದ್ದ’ ಎಂದು ಜಗಳಾಡುತ್ತ ಹೋಗಲಿ. ಓದಿ ಹೇಳುವವರಿಗೆ ಎರಡು ದನಿ ಸಿಗುತ್ತವೆ.

ಭಾಷೆಗೆ ಒಂದು ಮಾದರಿ. ನಿಮ್ಮದು: ‘ಅತ್ಯಂತ ಚಾಣಾಕ್ಷನೂ ಧೈರ್ಯಶಾಲಿಯೂ ಆದ ಅನಾನ್ಸೆಯು ಕಣಜಗಳನ್ನು ಹಿಡಿಯಲು ನಿಶ್ಚಯಿಸಿದನು.’ ಹೀಗಾದರೆ? ‘ಅನಾನ್ಸೆ ಬಾಳೆಲೆ ತಲೆಗಿಟ್ಟ. ಕಣಜದ ಗೂಡಿಗೆ ನೀರು ಸುರಿದ. ತನ್ನ ಮೇಲೂ ಸುರಿದುಕೊಂಡ. ಮಳೆ! ಮಳೆ! ಬುರುಡೆಯೊಳಗೆ ಬನ್ನಿ!’ ಆರು ಒತ್ತಕ್ಷರ ಇದ್ದಲ್ಲಿ ಈಗ ನಾಲ್ಕಿವೆ, ಆಗತಾನೆ ಓದು ಕಲಿತ ಮಗು ಎಡವುವುದಿಲ್ಲ. ಚಾಣಾಕ್ಷ ಎಂದು ಹೇಳಬೇಕಾಗಿಯೂ ಇಲ್ಲ.

ಅಳತೆ. 46 ಪುಟ, 2,300 ಪದ ಕಳಿಸಿದ್ದೀರಿ. ನಾಲ್ಕರಿಂದ ಏಳರ ಮಕ್ಕಳಿಗೆ 32 ಪುಟ, ಅಂದರೆ ಹದಿನಾರು ಪುಟದ ಎರಡು ಫಾರಂ, 450ರಿಂದ 500 ಪದ. ಮೊದಲ ಮೂರು ಮತ್ತು ಕೊನೆಯ ಒಂದು ಪುಟ ಶೀರ್ಷಿಕೆ, ಪ್ರಕಾಶನದ ವಿವರಕ್ಕೆ ಹೋದರೆ ನಿಮಗೆ ಉಳಿಯುವುದು 14 ಜೋಡಿಪುಟ. ಹೆಬ್ಬಾವಿಗೆ ಮೂರು, ಕಣಜಕ್ಕೆ ಎರಡು, ಚಿರತೆಗೆ ಎರಡು, ಮೊವಾಟಿಯಾ ಸಿಕ್ಕಿಬೀಳುವ ಅಂಟುಗೊಂಬೆಗೆ ಮೂರು ಕೊಡಿ. ಆರಂಭ ಅಂತ್ಯಗಳಿಗೆ ನಾಲ್ಕು ಉಳಿಯುತ್ತವೆ, ಧಾರಾಳವಾಯಿತು. ಮೊವಾಟಿಯಾ ಗೊಂಬೆಯ ಕೆನ್ನೆಗೆ ಹೊಡೆಯಲು ಕೈ ಎತ್ತುವುದು ಬಲಪುಟದ ಕೊನೆಗಿರಲಿ, ಕೈ ಅಂಟಿದ್ದು ಪುಟ ಮಗುಚಿದ ಮೇಲೆ ಕಾಣಲಿ. ಈಗ ಎರಡೂ ಒಂದೇ ಚಿತ್ರದಲ್ಲಿವೆ.

ಮುಖಪುಟದ ಜೇಡನಿಗೆ ಎಂಟು ಕಾಲು, 9ನೇ ಪುಟದಲ್ಲಿ ಆರು, 21ರಲ್ಲಿ ಏಳು. ಮಕ್ಕಳು ಎಣಿಸದೆ ಬಿಡುವುದಿಲ್ಲ. ನ್ಯಾಮೆಯ ಮುಖ ನಡುಮಡಿಕೆಗೆ ಸರಿಯಾಗಿ ಬಿದ್ದಿದೆ, ಹೊಲಿಗೆ ಮೂಗಿನ ಮೇಲೆ ಹಾಯುತ್ತದೆ. ಮುಖ್ಯವಾದದ್ದೆಲ್ಲ ಮಡಿಕೆಯಿಂದ ಒಂದು ಸೆಂಟಿಮೀಟರಾದರೂ ದೂರವಿರಲಿ, ಹೊರ ಅಂಚಿನಲ್ಲಿ ಕತ್ತರಿಸಲು 3 ಮಿಲಿಮೀಟರ್ ಬಣ್ಣ ಹೆಚ್ಚಿಗೆ ಹಚ್ಚಿ. ಅಕ್ಷರ 20 ಪಾಯಿಂಟ್ ಬರುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಆ ಜಾಗವನ್ನು ತಿಳಿಬಣ್ಣದಲ್ಲಿ ಖಾಲಿ ಬಿಡಿ. ಕಪ್ಪು ಕಾಡಿನ ಮೇಲೆ ಬಿಳಿ ಅಕ್ಷರ ಹಾಕಿದರೆ ಮುದ್ರಣ ಒಂದು ಕೂದಲಷ್ಟು ಸರಿದರೂ ಒತ್ತುಗಳು ಮುಚ್ಚಿಹೋಗುತ್ತವೆ.

‘ನೀತಿ: ಶಕ್ತಿಗಿಂತ ಯುಕ್ತಿ ಮೇಲು’ ಎಂಬ ಪೆಟ್ಟಿಗೆ ತೆಗೆದುಬಿಡಿ. ಅಸಾಂಟೆ ಹೇಳುಗರಿಗೆ ಕತೆ ಮುಗಿಸುವ ತಮ್ಮದೇ ರೀತಿಯಿದೆ: ಸಿಹಿಯಾಗಿರಲಿ ಆಗದಿರಲಿ, ನನ್ನ ಈ ಕತೆಯನ್ನು ಸ್ವಲ್ಪ ಒಯ್ಯಿರಿ, ಸ್ವಲ್ಪ ನನ್ನ ಬಳಿಗೆ ಮರಳಿ ಬರಲಿ. ಅದನ್ನೇ ನಿಮ್ಮ ಮಾತಿನಲ್ಲಿ ಬರೆಯಿರಿ.

ಇನ್ನು ಹಕ್ಕಿನ ವಿಷಯ. ನಮ್ಮ ಕಾನೂನಿನಲ್ಲಿ ಜನಪದ ಕತೆ ಯಾರ ಸೊತ್ತೂ ಅಲ್ಲ, ಆದರೆ ಒಬ್ಬರು ಹೇಳಿದ ಮಾತು, ಬರೆದ ಚಿತ್ರ ಅವರ ಸೊತ್ತು. ರ‍್ಯಾಟ್ರೆ ತೀರಿಕೊಂಡದ್ದು 1938ರಲ್ಲಿ. ಲೇಖಕರ ಸಾವಿನ ನಂತರ 60 ವರ್ಷ ಎಂಬ ನಮ್ಮ ಕಾನೂನಿನ ಲೆಕ್ಕದಲ್ಲಿ ಅವರ ಪಾಠ ಬಳಸಲು ಅಡ್ಡಿಯಿಲ್ಲ. ಈಚಿನ ಚಿತ್ರಪುಸ್ತಕವನ್ನೋ ವಿಡಿಯೋವನ್ನೋ ಇಟ್ಟುಕೊಂಡು ಬರೆದಿದ್ದರೆ ಈಗಲೇ ತಿಳಿಸಿ, ಅನುಮತಿ ಇಲ್ಲದೆ ನಾವು ಮುಟ್ಟುವಂತಿಲ್ಲ. ‘ಮೂಲ: ಆಫ್ರಿಕಾದ ಜನಪದ ಕತೆ’ ಎಂದಷ್ಟೇ ಹಾಕಿದರೆ ಸಾಲದು, ಜನ, ದೇಶ, ಆಧರಿಸಿದ ಪಾಠ ಮೂರೂ ಇರಬೇಕು.

ಸದ್ಯ ಬಣ್ಣ ಹಚ್ಚಬೇಡಿ. ಎಂಟು ಎ4 ಹಾಳೆಗಳನ್ನು ಮಡಿಸಿ 32 ಪುಟದ ಡಮ್ಮಿ ಮಾಡಿ, ಪೆನ್ಸಿಲ್ಲಿನಲ್ಲಿ ಗೀಚಿ, ಪಠ್ಯವನ್ನು ಅದರದರ ಜಾಗದಲ್ಲಿ ಕೈಯಲ್ಲೇ ಬರೆದು ಕಳಿಸಿ. ಜೊತೆಗೆ ಒಂದೇ ಒಂದು ಚಿತ್ರ ಪೂರ್ತಿ ಮಾಡಿ: ಕಣಜದ ಪುಟ, ಬಾಳೆಲೆ ಹೊತ್ತ ಅನಾನ್ಸೆ, ಎಂಟು ಕಾಲು.